ಕಾಳಮ್ಮನ ಹೋಟೆಲಿನ ಹುಚ್ಚೆಳ್ಳು ಚಟ್ನಿ

ಶನಿವಾರಸಂತೆಯ ಕಾಳಮ್ಮನಿಗೆ ನನ್ನ ಬೂಟುಗಳ ಮೇಲೆ ಬಹಳ ಮೆಚ್ಚುಗೆ ಎಂದು ನಾನು ಸುಮಾರು ಒಂದು ತಿಂಗಳು ನಂಬಿಕೊಂಡಿದ್ದೆ.

ಆಗ ನನಗೆ ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿದ ಹೊಸತು. ಆಳುಗಳ ಹಾಜರಿ ಬರೆಯುವುದು, ಶನಿವಾರದ ಸಂತೆಯಲ್ಲಿ ಕೂಲಿಲೈನಿನ ಮನೆಯವರಿಗೆ ಬೇಕಾದ ಸಾಮಾನು ಕೊಂಡು ತರುವುದು, ಮಿಕ್ಕ ಹೊತ್ತಿನಲ್ಲಿ ನಾನೊಬ್ಬ ದೊಡ್ಡ ಮನುಷ್ಯ ಎಂದು ಓಡಾಡುವುದು, ಇಷ್ಟು ನನ್ನ ಕೆಲಸ. ಮೂರನೆಯದಕ್ಕಾಗಿ ಮಡಿಕೇರಿಯಲ್ಲಿ ಒಂದು ಜೊತೆ ಕಪ್ಪು ಬೂಟು ಕೊಂಡಿದ್ದೆ. ಮೊದಲ ಶನಿವಾರ ಆಕೆಯ ಹೋಟೆಲಿನ ಹೊಸ್ತಿಲು ದಾಟುತ್ತಿದ್ದಂತೆ ಕಾಳಮ್ಮ ಒಲೆಯ ಮುಂದಿನಿಂದ ಕತ್ತು ಚಾಚಿ ನನ್ನ ಕಾಲನ್ನೇ ನೋಡಿದಳು. ಮುಖ ನೋಡಲಿಲ್ಲ. ನಾನು ಪ್ಯಾಂಟನ್ನು ತುಸು ಮೇಲಕ್ಕೆಳೆದು, "ಮಡಿಕೇರಿಯಲ್ಲಿ ತಗೊಂಡದ್ದು" ಎಂದೆ.

"ಹೂಂ, ಕೂತ್ಕಳಿ" ಎಂದಳು.

ಮುಂದಿನ ಶನಿವಾರ ಇನ್ನಷ್ಟು ಪಾಲಿಶ್ ಹಾಕಿಕೊಂಡು ಹೋದೆ. ಆಕೆ ಮತ್ತೆ ನೋಡಿದಳು. ಬೂಟು ಹೊಳೆದಷ್ಟೂ ನನ್ನ ಎಲೆಗೆ ಮುದ್ದೆ ತಡವಾಗಿ ಬೀಳುತ್ತಿದೆ ಎಂಬುದು ನನ್ನ ತಲೆಗೆ ಹೋದದ್ದು ನಾಲ್ಕನೆಯ ಶನಿವಾರ. ಎಲೆ ಹಾಕಿ ನೀರಿಡುವ ಸಿದ್ದಿಯನ್ನು ಕರೆದು ಕೇಳಿದೆ.

"ಏನಮ್ಮ, ನನ್ನ ಹಿಂದೆ ಬಂದವರೆಲ್ಲ ಉಂಡು ಎದ್ದರು. ನಾನೇನು ಬೆಂಚು ಕಾಯೋಕೆ ಬಂದವನಾ?"

"ಅಯ್ಯೋ, ಬೂಟ್ ಹಾಕಿರೋರಿಗೆ ಕೊನೇಗೇ ಕಣ್ ಬುದ್ದಿ" ಎಂದಳು ಸಿದ್ದಿ, ನಗು ತಡೆಯಲಾರದೆ. "ದೂರದಿಂದ ನಡ್ದು ಬಂದೋರಿಗೆ ಮೊದ್ಲು. ಅಕ್ಕ ಕಾಲ್ ನೋಡದು ಅದಕ್ಕೇಯ. ನೀವು ತೋರ್ಸಿದ್ದೇ ತೋರ್ಸಿದ್ದು!"

ಆ ಹೋಟೆಲಿಗೆ ಬೋರ್ಡಿಲ್ಲ. ಸಂತೆಮಾಳದ ಅಂಚಿನಲ್ಲಿ ಹಂಚಿನ ಮಾಡು, ಎರಡು ಉದ್ದದ ಬೆಂಚು, ಮೂರು ಕಲ್ಲಿನ ದೊಡ್ಡ ಒಲೆ. ರಾಗಿ ಮುದ್ದೆ, ಅವರೆಕಾಳಿನ ಸಾರು, ಅನ್ನ. ಏನಿದೆ ಎಂದು ಕೇಳುವವರು ಹೊಸಬರು. ಕೊಡವರು, ಮಲಯಾಳಿ ವ್ಯಾಪಾರಿಗಳು, ಘಟ್ಟದ ಕೆಳಗಿನ ಗಾಡಿಯವರು, ಯಾರು ಯಾವ ಭಾಷೆಯಲ್ಲಿ ಕೇಳಿದರೂ ಆಕೆ ಹಾಸನದ ಕಡೆಯ ಕನ್ನಡದಲ್ಲೇ ಗದರುತ್ತಾಳೆ. ಒಮ್ಮೆ ಯಾವುದೋ ಆಫೀಸಿನ ಜಮೇದಾರನೊಬ್ಬ ತನಗೇ ಮೊದಲು ಬಡಿಸಬೇಕೆಂದು ಬೆಂಚು ಗುದ್ದಿದ. ಕಾಳಮ್ಮ ತಿರುಗಿಯೂ ನೋಡದೆ ಹೇಳಿದಳು: "ನಿಮ್ಗೆ ಹಸಿವಾಗಿಲ್ಲ ಸ್ವಾಮಿ, ಸಿಟ್ಟಾಗೈತೆ. ಸಿಟ್ಟಿಗೆ ಇವತ್ತು ಏನೂ ಮಾಡಿಲ್ಲ." ಅವನು ಎದ್ದು ಹೋದ. ಮುಂದಿನ ಶನಿವಾರ ಬಂದು ತೆಪ್ಪಗೆ ಕೊನೆಯಲ್ಲಿ ಉಂಡ. ಆ ಸಾರು ಹಾಗಿತ್ತು.

ಕಾಳಮ್ಮನ ತವರು ಗಡಿಯಾಚೆ, ಮೈಸೂರು ರಾಜ್ಯದ ಅರಕಲಗೂಡಿನ ಕಡೆ. ಗಂಡ ಕೆಂಪಣ್ಣನ ಜೊತೆ ಕೂಲಿಗೆಂದು ಕೊಡಗಿಗೆ ಬಂದಾಗ ಇಪ್ಪತ್ತು ತುಂಬಿರಲಿಲ್ಲವಂತೆ. ಅವತ್ತು ಇಬ್ಬರೂ ಇಡೀ ಬೆಳಿಗ್ಗೆ ನಡೆದು ಇದೇ ಸಂತೆಗೆ ಬಂದು, ಯಾವುದೋ ಹೋಟೆಲು ಹೊಕ್ಕಿದ್ದಾರೆ. ಚಪ್ಪಲಿ ಮೆಟ್ಟಿದವರಿಗೆಲ್ಲ ಬಡಿಸಿ ಇವರ ಸರದಿ ಬರುವ ಹೊತ್ತಿಗೆ ಮುದ್ದೆ ಮುಗಿದು, ಸಾರಿಗೆ ನೀರು ಬೆರೆತಿತ್ತು. ಕೆಂಪಣ್ಣ ಅದನ್ನೇ ಕುಡಿದು, ಚೆನ್ನಾಗಿದೆ ಎಂದು ಹೇಳಿ ಎದ್ದನಂತೆ. ಹತ್ತು ವರ್ಷದ ಮೇಲೆ ಅವನು ಚಳಿಜ್ವರದಲ್ಲಿ ಹೋದ. ಆಕೆ ಈ ಒಲೆ ಹೂಡಿದಳು. ಇದೆಲ್ಲ ಸಿದ್ದಿ ಹೇಳಿದ್ದು. ಕಾಳಮ್ಮನನ್ನೇ ಕೇಳಿದರೆ ಸೌಟು ತೋರಿಸುತ್ತಾಳೆ.

ಇಷ್ಟು ಗೊತ್ತಾದ ಮೇಲೆ ನಾನು ತೆಪ್ಪಗಿರಬಹುದಿತ್ತು. ಕೊನೆಯಲ್ಲಿ ಉಣ್ಣುವುದಕ್ಕೆ ಒಗ್ಗಿಯೂ ಇದ್ದೆ. ನನ್ನನ್ನು ಕೆಡಿಸಿದ್ದು ಹುಚ್ಚೆಳ್ಳು ಚಟ್ನಿ.

ತವರಿನ ಹೊಲದಿಂದ ವರ್ಷಕ್ಕೊಮ್ಮೆ ಒಂದಿಷ್ಟು ಹುಚ್ಚೆಳ್ಳು ಬರುತ್ತದೆ. ಶನಿವಾರ ಬೆಳಿಗ್ಗೆ ಅದರಲ್ಲಿ ಒಂದು ಹಿಡಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಹಾಕಿ ಕಾಳಮ್ಮ ತಾನೇ ಅರೆಯುತ್ತಾಳೆ. ಸಿದ್ದಿಗೂ ಬಿಡುವುದಿಲ್ಲ. ಅದು ಒಂದು ಎಲೆಗೆ ಆದೀತು, ಹೆಚ್ಚೆಂದರೆ ಎರಡಕ್ಕೆ. ಬೇರೆಲ್ಲವನ್ನೂ ಸಿದ್ದಿ ಬಡಿಸಿದರೂ ಚಟ್ನಿ ಬಡಿಸಲು ಕಾಳಮ್ಮನೇ ಒಲೆ ಬಿಟ್ಟು ಏಳುತ್ತಾಳೆ. ಪುಟ್ಟ ಭರಣಿಯನ್ನು ಸೆರಗಿನಲ್ಲಿ ಹಿಡಿದು ಬೆಂಚುಗಳ ನಡುವೆ ನಡೆದು ಬರುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಭರಣಿ ನನ್ನನ್ನು ದಾಟಿ ಹೋಗಿ ಜವರನ ಮುಂದೆ ನಿಲ್ಲುತ್ತಿತ್ತು.

ಜವರ ಗಡಿಯಾಚೆಯ ಹಳ್ಳಿಯವನು. ಕಾಫಿ ಹಣ್ಣು ಕೀಳುವ ಬಿದಿರಿನ ಕುಕ್ಕೆಗಳನ್ನು ಹೆಣೆದು, ಒಂದರೊಳಗೊಂದು ಸೇರಿಸಿ, ತಲೆಯ ಮೇಲೆ ಗೋಪುರದಂತೆ ಹೊತ್ತು ನಡೆದು ಬರುತ್ತಾನೆ. ಐವತ್ತರ ಪ್ರಾಯ, ಮುಂದಿನ ಹಲ್ಲಿಲ್ಲ, ಉಣ್ಣುವಾಗ ಸದ್ದು ಮಾಡುತ್ತಾನೆ. ಚಟ್ನಿಯನ್ನು ಬೆರಳ ತುದಿಯಲ್ಲಿ ತೆಗೆದು, ನಾಲಿಗೆಗೆ ಒತ್ತಿ, ಕಣ್ಣು ಮುಚ್ಚುತ್ತಾನೆ. ಆ ಕಣ್ಣು ಮುಚ್ಚುವುದನ್ನು ನಾನು ಸಹಿಸಲಾರೆ. ನಾನೇನು ಚಟ್ನಿ ಕಾಣದೆ ಬೆಳೆದವನಲ್ಲ. ಆದರೆ ನನ್ನ ಊರು ಸಂಪಾಜೆ, ಕೊಡಗಿನ ಇನ್ನೊಂದು ತುದಿ. ಲೈನಿನ ಆಚೆಯ ಕೋಣೆಯಲ್ಲಿ ಒಬ್ಬನೇ ಗಂಜಿ ಬೇಯಿಸಿಕೊಂಡು ಉಣ್ಣುವವನಿಗೆ ವಾರಕ್ಕೊಮ್ಮೆ ಯಾರಾದರೂ ತಮ್ಮ ಕೈಯಾರೆ ಏನಾದರೂ ಬಡಿಸಲಿ ಎನಿಸುತ್ತದೆ. ಇದನ್ನು ಯಾರಿಗೂ ಹೇಳುವಂತಿಲ್ಲವಾದ್ದರಿಂದ ನಾನು ಅದನ್ನು ರಾಜಕೀಯ ಮಾಡಿದೆ. ಇದು ಕೊಡಗು ರಾಜ್ಯ. ನಾನು ಈ ರಾಜ್ಯದ ಪ್ರಜೆ. ಜವರ ಮೈಸೂರು ರಾಜ್ಯದವನು. ಹೊರಗಿನವನಿಗೆ ಚಟ್ನಿ, ಒಳಗಿನವನಿಗೆ ಉಪ್ಪು!

"ದೂರ ನಡ್ದು ಬಂದೋರ ಪಾಲು ಅದು" ಎಂದು ಸಿದ್ದಿ ಬಿಡಿಸಿ ಹೇಳಿದಳು. ನಾನು ನಂಬಲಿಲ್ಲ. ಹೊಟ್ಟೆಕಿಚ್ಚಿಗೆ ಇಂಥ ಸಣ್ಣ ಕಾರಣಗಳು ಸಾಲುವುದಿಲ್ಲ.

ಸಿಟ್ಟಿನಲ್ಲಿ ಎರಡು ಶನಿವಾರ ಬಸ್ಸು ನಿಲ್ಲುವಲ್ಲಿನ ಇಡ್ಲಿ ಹೋಟೆಲಿಗೆ ಹೋದೆ. ಅಲ್ಲಿ "ಬನ್ನಿ ಸಾರ್" ಎನ್ನುತ್ತಾರೆ, ಲೋಟ ಹೊಳೆಯುತ್ತದೆ, ಕೂತ ಕೂಡಲೇ ಬಿಸಿ ಇಡ್ಲಿ. ನಾನು ಇಡ್ಲಿ ಮುರಿಯುತ್ತಾ ಈಗ ಜವರ ಕಣ್ಣು ಮುಚ್ಚಿರಬಹುದು ಎಂದುಕೊಳ್ಳುತ್ತಿದ್ದೆ. ಮೂರನೆಯ ಶನಿವಾರ ಒಂದು ಉಪಾಯ ಹೊಳೆಯಿತು. ಬೂಟನ್ನು ಪರಿಚಯದ ಬಟ್ಟೆಯಂಗಡಿಯಲ್ಲಿ ಬಿಟ್ಟು, ದನದ ಸಂತೆಯ ಕೆಸರಿನಲ್ಲಿ ಎರಡೂ ಪಾದ ಅದ್ದಿ, ದಣಿದವನಂತೆ ಕಾಲೆಳೆಯುತ್ತಾ ಹೊಸ್ತಿಲಿಗೆ ಬಂದೆ.

ಕಾಳಮ್ಮ ನೋಡಿದಳು. ಕೈಯಲ್ಲಿದ್ದ ಮುದ್ದೆ ಕೋಲು ಇಳಿಸಿ ಇನ್ನೊಮ್ಮೆ ನೋಡಿದಳು.

"ರೈಟ್ರೇ, ನಡ್ದು ಬಂದೋರ್ಗೆ ಕೆಸ್ರು ಮೊಣಕಾಲ್ ತಂಕ ಸಿಡ್ದಿರ್ತೈತೆ. ನಿಮ್ದು ಕಾಲ್‌ಚೀಲ ಹಾಕ್ದಂಗೆ ನೀಟಾಗೈತಲ್ಲ! ಸಗಣಿ ಬೇರೆ. ಹೋಗಿ ತೊಳ್ಕಂಡ್ ಬನ್ನಿ."

ಎರಡೂ ಬೆಂಚು ನಕ್ಕವು. ಜವರನೂ ನಕ್ಕ. ಅವನ ಎಲೆಯ ಮೇಲೆ ಚಟ್ನಿ ಇತ್ತು.

ಅದರ ಮುಂದಿನ ವಾರ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಎಸ್ಟೇಟಿಗೆ ಕುಕ್ಕೆ ಆರಿಸುವವನು ನಾನೇ. ಜವರ ತಂದ ಇಪ್ಪತ್ತು ಕುಕ್ಕೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು, ಹೆಣಿಗೆ ಸಡಿಲ, ತಳ ಸರಿಯಿಲ್ಲ ಎಂದು ಎಲ್ಲವನ್ನೂ ಹಿಂದಕ್ಕೆ ಕೊಟ್ಟೆ. ಅವು ಕಲ್ಲಿನಂತೆ ಗಟ್ಟಿಯಾಗಿದ್ದವು. ಜವರ ಜಗಳಕ್ಕೆ ಬಂದಿದ್ದರೆ ಒಳ್ಳೆಯದಿತ್ತು. "ಆಯ್ತು ಸಾಮಿ, ಬಿಗಿಯಾಗಿ ಹೆಣ್ಕಂಡ್ ಬತ್ತೀನಿ" ಎಂದು ಗೋಪುರವನ್ನು ಮತ್ತೆ ತಲೆಗೇರಿಸಿಕೊಂಡು ಹೋದ. ಆ ರಾತ್ರಿ ನನಗೆ ಗಂಜಿ ಸೇರಲಿಲ್ಲ. ಆದರೂ ಮರುದಿನ ಕರೆಸಿ ಕೊಂಡೆನೇ? ಇಲ್ಲ. ಎರಡು ವಾರ ಬಿಟ್ಟು ಅವನು ಅವೇ ಕುಕ್ಕೆಗಳನ್ನು ತಂದಾಗ, ಈಗ ಸರಿಯಿದೆ ಎಂದು ಗಂಭೀರವಾಗಿ ಹೇಳಿ ಕೊಂಡೆ.

ಹೋದ ಶನಿವಾರ ಮಾತ್ರ ನನಗೆ ಹಬ್ಬ. ಶುರುವಾದದ್ದು ಹಬ್ಬದಂತೆ ಇರಲಿಲ್ಲ. ನನ್ನನ್ನು ಪ್ರತಿ ವಾರ ಸಂತೆಗೆ ಬಿಡುವ ಎಸ್ಟೇಟಿನ ಜೀಪು ಬೆಳಿಗ್ಗೆಯೇ ಚೆಟ್ಟಳ್ಳಿಗೆ ಹೋಗಿತ್ತು. ಸಾಮಾನಿನ ಗಾಡಿ ಮಧ್ಯಾಹ್ನದ ಮೇಲೆ ಬರುವುದಿತ್ತು. ಆರು ಮೈಲಿ ನಡೆದೆ. ಬೂಟು ಎರಡೂ ಹಿಮ್ಮಡಿ ಕಚ್ಚಿ ಗುಳ್ಳೆ ಎಬ್ಬಿಸಿದ್ದರಿಂದ ಕೊನೆಗೆ ಅವನ್ನು ಕೈಯಲ್ಲಿ ಹಿಡಿದು ಕುಂಟುತ್ತಾ ಬಂದೆ. ಮತ್ತೆ ನಗುತ್ತಾರೆಂದು ಹೆದರಿ ಬೂಟನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಮೂಲೆಯಲ್ಲಿ ಕೂತೆ. ಮುದ್ದೆ ಬೇಗ ಬಂತು. ಹಸಿವಿನಲ್ಲಿ ಅದೇಕೆಂದು ಯೋಚಿಸಲಿಲ್ಲ. ಅಷ್ಟರಲ್ಲಿ ಜವರ ಯಾರದೋ ಎತ್ತಿನ ಗಾಡಿಯಿಂದ ಇಳಿದು ಬಂದು ಎದುರಿಗೆ ಕೂತ. ನಾನು ಅವನ ಎಲೆಯ ಮೇಲೆ ಕಣ್ಣಿಟ್ಟೆ. ಮುದ್ದೆ ಬಿತ್ತು. ಸಾರು ಬಿತ್ತು. ಕಾಳಮ್ಮ ಭರಣಿ ಹಿಡಿದು ಒಂದು ಸುತ್ತು ಬಂದು ಹೋದಳು. ಅವನ ಎಲೆ ಖಾಲಿ! ಮತ್ತೊಮ್ಮೆ ನೋಡಿದೆ. ಖಾಲಿಯೇ. ನನ್ನ ಕಾಲಿನ ಉರಿ ಎಲ್ಲೋ ಮಾಯವಾಯಿತು. ಆ ಖಾಲಿ ಜಾಗವನ್ನು ನೋಡುತ್ತಲೇ ಎರಡು ಮುದ್ದೆ ಉಂಡೆ. ಎಸ್ಟೇಟಿಗೆ ಮರಳುವಾಗ ಗಾಡಿಯಲ್ಲಿ ಹಾಡಿಕೊಂಡೆ ಎಂದು ಗಾಡಿಯ ಸೋಮ ಎಲ್ಲರಿಗೂ ಹೇಳಿದ್ದಾನೆ.

ಈ ಶನಿವಾರ ಮತ್ತೆ ಜೀಪಿನಲ್ಲಿ ಹೋಗಿ ಇಳಿದೆ. ಜವರ ಆಗಲೇ ಬಂದು ಕೂತಿದ್ದ, ಮೊಣಕಾಲಿನ ತನಕ ಕೆಸರು. ಕಾಳಮ್ಮ ಭರಣಿ ಹಿಡಿದು ಎದ್ದಳು. ನನ್ನನ್ನು ದಾಟಿದಳು. ಅವನ ಎಲೆಗೆ ಚಟ್ನಿ ಹಾಕಿದಳು. ಅವನು ಕಣ್ಣು ಮುಚ್ಚಿದ.

ನನಗೆ ತಡೆಯಲಾಗಲಿಲ್ಲ. ಬೆಂಚು ತುಂಬಾ ಜನವಿದ್ದರು ಎಂಬುದೂ ಮರೆತುಹೋಯಿತು.

"ಕಾಳಮ್ಮ, ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಕೋಬೇಡಿ. ಈ ಜವರ ನಿಮಗೆ ಏನಾಗಬೇಕು?"

ಸಿದ್ದಿಯ ಕೈಯಲ್ಲಿದ್ದ ನೀರಿನ ಚೊಂಬು ಅಲ್ಲೇ ನಿಂತಿತು. ಜವರ ಕಣ್ಣು ತೆರೆದ. ಯಾರೋ ಒಬ್ಬರು ಕೆಮ್ಮಿದರು. ನನ್ನ ಮಾತಿನ ಅರ್ಥ ಏನೆಂದು ನನಗೇ ಹೊಳೆದು ಕಿವಿ ಬಿಸಿಯಾಯಿತು.

ಕಾಳಮ್ಮ ಭರಣಿಯ ಬಾಯನ್ನು ಸೆರಗಿನಿಂದ ಒರೆಸಿದಳು. ಮೊದಲ ಸಲ ನನ್ನ ಕಾಲು ಬಿಟ್ಟು ಮುಖ ನೋಡಿದಳು.

"ಏನೂ ಆಗ್ಬೇಕಿಲ್ಲ. ಹೋದ್ ಶನಿವಾರ ಅವ್ನು ಗಾಡೀಲಿ ಬಂದ, ನೀವು ಕುಂಟ್ಕಂಡ್ ನಡ್ದು ಬಂದ್ರಿ. ಅವತ್ತಿನ ಚಟ್ನಿ ನಿಮ್ಮೆಲೇಗೇ ಹಾಕ್ದೆ ರೈಟ್ರೇ. ನೀವು ಅವ್ನೆಲೆ ನೋಡ್ಕಂಡು ಹಲ್ ಕಿರೀತಾ, ಅದ್ನ ಸಾರಲ್ಲಿ ಕಲಸ್ಕಂಡ್ ನುಂಗಿದ್ರಿ."