ಬ್ರೆಡ್ಡಿನ ಅತ್ತೆಯ ಗಿರಾಕಿ

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಲು ಪರದೇಶಕ್ಕೆ ಬಂದ ನಾನು, ಕಾಲೇಜಿನ ಹಿಂದಿನ ಬೀದಿಯ ಬೇಕರಿಯಲ್ಲಿ ಕೆಲಸಕ್ಕಿದ್ದೆ. ಅದರ ಯಜಮಾನಿಯನ್ನು ವಿದ್ಯಾರ್ಥಿಗಳೆಲ್ಲ ‘ಬ್ರೆಡ್ಡಿನ ಅತ್ತೆ’ ಎನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬರೇ ನಡೆಸಿಕೊಂಡು ಬಂದವರು. ಮಾತು ಖಾರ. ಆದರೆ ತಳ ಸೀದ ಬನ್ನನ್ನು ತಾವು ತಿಂದು, ಚೆನ್ನಾಗಿ ಬೆಂದದ್ದನ್ನು ನಮ್ಮ ಚೀಲಕ್ಕೆ ಹಾಕುತ್ತಿದ್ದರು.

ನಮ್ಮ ವೀಸಾದ ನಿಯಮದಂತೆ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯುವಂತಿರಲಿಲ್ಲ. ಮೀರಿದ್ದು ಗೊತ್ತಾದರೆ ವೀಸಾ ರದ್ದು. ಓದು ಅಲ್ಲಿಗೇ ನಿಂತಂತೆ.

ಒಂದು ಶುಕ್ರವಾರ ಅತ್ತೆಯ ಸಹಾಯಕಿ ಜ್ವರದಿಂದ ಮಲಗಿದಳು. ಅಂದೇ ಒಂದು ಹಾಸ್ಟೆಲಿನ ದೊಡ್ಡ ಆರ್ಡರ್ ಇತ್ತು. ಆ ವಾರದ ನನ್ನ ಗಂಟೆಗಳು ಆಗಲೇ ಮುಗಿದಿದ್ದವು. ಆದರೂ ಪಕ್ಕದ ಮನೆಯವರ ಅಡುಗೆಗೆ ಕೈಜೋಡಿಸುವುದನ್ನು ಯಾರೂ ಕೆಲಸವೆಂದು ಎಣಿಸದ ಮನೆಯಲ್ಲಿ ಬೆಳೆದವಳು ನಾನು. ಸೀದಾ ಒಳಗೆ ಹೋಗಿ ಹಿಟ್ಟಿಗೆ ಕೈಹಾಕಿದೆ.

“ಏನೇ ಇದು?” ಎಂದರು ಅತ್ತೆ.

“ದುಡ್ಡು ಬೇಡ ಅತ್ತೆ. ಸುಮ್ನೆ ಮಾಡ್ತೀನಿ. ಸಂಬಳ ಇಲ್ದೇ ಇದ್ಮೇಲೆ ಕೆಲಸ ಹೇಗಾಗುತ್ತೆ?”

“ಎಂ.ಎಸ್ಸಿ. ಓದೋಳು, ತಲೇನ ರೂಮಲ್ಲಿ ಬಿಟ್ಟು ಬಂದಿದೀಯಾ? ಪುಕ್ಕಟೆ ದುಡಿದ್ರೂ ಲೆಕ್ಕಕ್ಕೆ ಬರುತ್ತೆ. ಹೋದ ವರ್ಷ ಎದುರಿನ ಹೋಟೆಲ್‌ನಲ್ಲಿ ಒಬ್ಬಳು ಹೀಗೇ ಅಂದಿದ್ಲು. ಪರೀಕ್ಷೆಗೆ ಮುಂಚೆ ವಿಮಾನ ಹತ್ತಿಸಿ ಕಳಿಸಿದ್ರು. ತೊಳ್ಕೋ ಕೈ.”

“ಹಾಸ್ಟೆಲ್‌ನೋರು ಸುಮ್ನಿರ್ತಾರಾ?”

“ಬೈತಾರೆ. ನಿಮ್ಮ ಮಾವನ ಜೊತೆ ಸಂಸಾರ ಮಾಡಿದೋಳಿಗೆ ಅದೇನು ಹೊಸದಾ?”

ಅಡುಗೆಕೋಣೆಯ ಬಾಗಿಲಿನ ಹೊರಗಿನ ಮೇಜಿಗೆ ನನ್ನನ್ನು ಕೂರಿಸಿ ಚಹಾ ತಂದಿಟ್ಟರು. ಪುಸ್ತಕ ತೆರೆದೆ, ಒಂದು ಸಾಲೂ ತಲೆಗೆ ಹತ್ತಲಿಲ್ಲ. ಒಳಗೆ ಸೆಕೆ. ಯೀಸ್ಟ್ ಯಾರಿಗೂ ಕಾಯುವುದಿಲ್ಲ. ಹಿಟ್ಟು ಪಾತ್ರೆಯ ಅಂಚು ಮೀರಿ ಉಬ್ಬಿ, ಮೆಲ್ಲಗೆ ಕುಸಿದು ಹುಳಿವಾಸನೆ ಬಿಡತೊಡಗಿತು. ಅತ್ತೆ ಅದನ್ನು ಬದಿಗೆ ಸರಿಸಿ, ಉಳಿದದ್ದನ್ನು ಒಬ್ಬರೇ ಉಂಡೆ ಕಟ್ಟಿದರು.

ಹಾಸ್ಟೆಲಿನ ಅಡುಗೆಯವನು ಬಂದಾಗ ಅರ್ಧದಷ್ಟೇ ತಯಾರಾಗಿತ್ತು. ಅವನು ಮುಖ ಗಂಟಿಕ್ಕಿದ. ನನ್ನ ಕಡೆ ಕೈ ತೋರಿಸಿ, “ಇಲ್ಲೊಬ್ಳು ಆರಾಮಾಗಿ ಕೂತಿದಾಳಲ್ಲ, ಅವಳ ಕೈಲಾದ್ರೂ ಮಾಡಿಸಬಾರ್ದಿತ್ತಾ?” ಎಂದ.

“ಅವಳು ಗಿರಾಕಿ,” ಎಂದರು ಅತ್ತೆ, ತಲೆ ಎತ್ತದೆ. ಅವನು ಹೋದ ಮೇಲೆ ನನ್ನತ್ತ ತಿರುಗಿ, “ಚಹಾದ ದುಡ್ಡು ಕೊಟ್ಟು ಹೋಗು. ನನ್ನ ಮಾತು ಸುಳ್ಳಾಗಬಾರ್ದು,” ಎಂದರು.

ಮುಂದಿನ ತಿಂಗಳಿಂದ ಹಾಸ್ಟೆಲಿನವರು ಬೇರೆ ಬೇಕರಿ ಹಿಡಿದರು. ಅತ್ತೆ ಅದನ್ನು ಹೇಳಲೇ ಇಲ್ಲ. ಆ ಬೇಕರಿಯ ಬ್ರೆಡ್ ವ್ಯಾನಿನ ಡ್ರೈವರ್ ಬಾಯಿಬಿಟ್ಟಾಗಲೇ ನನಗೆ ತಿಳಿದದ್ದು.

ಓದು ಮುಗಿಯಿತು. ಅದೇ ಊರಿನ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು, ಹೊಸ ವೀಸಾವೂ ಬಂತು. ಅದನ್ನು ತೋರಿಸಲು ಅಂಗಡಿಗೆ ಹೋದೆ. “ಅವತ್ತು ನೀವು ಕೈ ತೊಳಿಸದೇ ಇದ್ದಿದ್ರೆ ಇದು ಎಲ್ಲಿರ್ತಿತ್ತು ಅತ್ತೆ? ನಿಮಗೆ ಮಾತ್ರ ಆ ಆರ್ಡರ್ ಹೋಯ್ತು,” ಎಂದೆ.

ಅತ್ತೆ ಹಿಟ್ಟಿನ ಕೈ ಒರೆಸಿಕೊಂಡು ವೀಸಾದ ಫೋಟೊ ನೋಡಿದರು.

“ಹಾಸ್ಟೆಲ್‌ನೋರಿಗೆ ಬ್ರೆಡ್ಡಿನ ರುಚೀನೇ ಗೊತ್ತಿರ್ಲಿಲ್ಲ ಬಿಡು,” ಎಂದು ಒಲೆಯ ಕಡೆ ತಿರುಗಿದರು.