ಪ್ಲೇಯರಿನ ಎರಡು ಹಳದಿ ತೂತುಗಳು

ಗೆಳತಿಯರೇ, ತೆವಳುವ ಕೂಸಿನ ಮುಂದೆ ಹೊಸ ಪ್ಲೇಯರಿನ ವೈರುಗಳನ್ನೆಲ್ಲ ಹರವಿಟ್ಟು ನನ್ನ ಗಂಡ ಇವತ್ತು ಹೇಳಿದರು: “ಇರಲಿ ಬಿಡು, ಸೋಮವಾರ ಸೊಲ್ಲಾಪುರದಿಂದ ಮೆಕ್ಯಾನಿಕ್ ಬರ್ತಾನ.”

ಅಲ್ಲಿಯತನಕ ಕೂಸು ವೈರು ಬಾಯಿಗಿಡದಂತೆ ಕಾಯುವವರು ಯಾರು? ನಾನೇ ಜೋಡಿಸಲು ಕುಳಿತೆ.

ಹೊಸ ಡಿಸ್ಕ್ ಪ್ಲೇಯರಿನಿಂದ ಕೆಂಪು, ಬಿಳಿ ವೈರು ಆಂಪ್ಲಿಫೈಯರಿಗೆ ಹೋಗಬೇಕು, ಹಳದಿಯದು ಟಿವಿಗೆ. ಆದರೆ ಪ್ಲೇಯರಿನ ಹಿಂದೆ ಬಿಳಿ ತೂತೇ ಇಲ್ಲ, ಹಳದಿಯವೇ ಎರಡು! ಬಿಳಿ ವೈರನ್ನು ಒಂದಕ್ಕೆ ಸಿಕ್ಕಿಸಿದರೆ ಸ್ಪೀಕರು ಗುಂಯ್ ಎಂದಿತು. ಎರಡೂ ತೂತುಗಳನ್ನು ಸೆರಗಿನಿಂದ ಒರೆಸಿ ನೋಡಿದೆ. ಇನ್ನೊಂದು ಬೆಳ್ಳಗಾಯಿತು.

“ಪೂಜಿ ಮಾಡಿ ಅರಿಷಿಣ ಹಚ್ಚೀನವಾ, ಹೊಸಾ ಮಶೀನ್ ಅಲ್ಲೇನು?” ಎಂದರು ಅತ್ತೆ.

ಬಿಳಿ ವೈರನ್ನು ಆ ಬಿಳಿ ತೂತಿಗೆ ಬದಲಿಸಿದೆ, ಹಾಡು ಬಂತು. ನನ್ನ ಗಂಡ ತಕ್ಷಣ ತಮ್ಮ ಅಣ್ಣನಿಗೆ ಫೋನ್ ಹಚ್ಚಿದರು: “ದಾದಾ, ಅರ್ಧಾ ತಾಸಿನ್ಯಾಗ ಜೋಡ್ಸಿಬಿಟ್ಟೆ ನೋಡು!”

ಕೂಸನ್ನು ಅವರ ತೊಡೆಯ ಮೇಲಿಟ್ಟೆ. “ಭಾಳ ಶಾಣ್ಯಾ ಇದ್ದೀರಿ. ಇದನ್ನೂ ಮಲಗಸ್ರಿ.”

ಎರಡು ತಾಸು ನಿದ್ದೆ ಮಾಡಿ ಎದ್ದು ಇದನ್ನು ಬರೆಯುತ್ತಿದ್ದೇನೆ.