ದೊಡ್ಡಪ್ಪ ಬರುತ್ತಾರೆಂದು ಮನೆ ಒರೆಸಿದ್ದು

ಮನೆಗೆ ಯಾರಾದರೂ ಬರುತ್ತಾರೆಂದರೆ ನನಗೆ ಹಿಂದಿನ ದಿನವೇ ಒಂದು ನೆಮ್ಮದಿ ಶುರುವಾಗುತ್ತದೆ. ಬೇರೆ ದಿನ ಒಂದು ಕುರ್ಚಿಯಲ್ಲಿ ಸುಮ್ಮನೆ ಕೂರುವವನಲ್ಲ ನಾನು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದರ ಫಲವೋ ಏನೋ, ಗ್ಯಾಸ್ ಆಫ್ ಮಾಡಿದೆನೇ ಎಂಬಲ್ಲಿಂದ ಹಿಡಿದು ಎಲ್ಲದರ ಮೇಲೂ ಸಂಶಯ. ಆದರೆ ಸ್ಟೂಲ್ ಹತ್ತಿ ಫ್ಯಾನಿನ ರೆಕ್ಕೆ ಒರೆಸುವಾಗ ಸಂಶಯಕ್ಕೆ ಜಾಗವಿಲ್ಲ. ಧೂಳು ಇತ್ತು, ಈಗ ಇಲ್ಲ. ಇಷ್ಟು ಖಚಿತವಾದ ಜ್ಞಾನ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಎರಡು ವರ್ಷದ ಹಿಂದೆ, ಮೂರೂ ಇರಬಹುದು, ನನ್ನ ಹೆಂಡತಿಯ ದೊಡ್ಡಪ್ಪ ಹಾವೇರಿಯಿಂದ ಬರುವವರಿದ್ದರು. ಕೆಂಗೇರಿಯಲ್ಲಿ ಯಾರದೋ ಮದುವೆ. ರೈಲಿಳಿದು ಮೊದಲು ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಬಂದು, ಸ್ನಾನ, ಪೂಜೆ ಮುಗಿಸಿ ಹೋಗುತ್ತೇನೆ ಎಂದು ಫೋನ್ ಮಾಡಿದ್ದರು. ಇವಳನ್ನು ಸಾಕಿ ಬೆಳೆಸಿದವರು ಅವರೇ. ಆದರೆ ನಾನು ಬೇರೆ ಜಾತಿಯವನೆಂದು ನಮ್ಮ ಮದುವೆಗೆ ಬಂದಿರಲಿಲ್ಲ. ಆಮೇಲೂ ಬೆಂಗಳೂರಿಗೆ ಬಂದಾಗಲೆಲ್ಲ ಪಕ್ಕದ ಗೋವಿಂದರಾಜನಗರದಲ್ಲಿ ಗೆಳೆಯರ ಮನೆಯಲ್ಲಿ ಇಳಿದು, ಹಾಗೇ ಊರಿಗೆ ಹೋಗಿಬಿಡುತ್ತಿದ್ದರು.

“ನಮ್ಮನೇಲಿ ಒಂದು ರೊಟ್ಟಿ ತಿಂದು ಹೋದ್ರೆ ಸಾಕು ಕಣೋ,” ಎಂದಳು ಹೆಂಡತಿ. “ಲಿಂಗಪೂಜೆ ಆಗದೆ ಅವರು ಏನೂ ಮುಟ್ಟಲ್ಲ. ಬೆಡ್‌ರೂಮಲ್ಲಿ ಅದಕ್ಕೆ ಜಾಗ ಮಾಡಿಡ್ತೀನಿ. ಅಡುಗೆ ನನಗಿರಲಿ, ಉಳಿದ ಮನೆ ನೀನು ನೋಡ್ಕೋ.”

ನೋಡಿಕೊಂಡೆ. ಕಿಟಕಿಯ ಸರಳುಗಳನ್ನು ಒಂದೊಂದಾಗಿ ಒರೆಸಿದೆ. ಸೋಫಾದ ಸಂದಿಯಲ್ಲಿ ಕೈ ಹಾಕಿ ಎರಡು ಪೆನ್ನು, ಒಂದು ಸ್ಪೂನ್ ಹೊರತೆಗೆದೆ. ನೆಲಕ್ಕೆ ಎರಡನೇ ಸಲ ನೀರು ಹಾಕುವಾಗ ಗುನುಗುತ್ತಿದ್ದೆನಂತೆ. ನಾನು ಗುನುಗುವವನಲ್ಲ, ಆದರೂ ಹೆಂಡತಿ ಹಾಗೆನ್ನುತ್ತಾಳೆ.

“ದಿನಾ ಯಾರನ್ನಾದ್ರೂ ಊಟಕ್ಕೆ ಕರೀಬೇಕು ನೋಡು ನಿನಗೋಸ್ಕರ. ನಿನ್ನ ಸಂಶಯಕ್ಕೆ ಡಾಕ್ಟರ ಹತ್ರ ಹೋಗೋದು ತಪ್ಪುತ್ತೆ.”

ಕಣ್ಣಿಗೆ ಚೆನ್ನಾಗಿ ಕಾಣದ್ದನ್ನೆಲ್ಲ ನಾನು ಅಡುಗೆಮನೆ ಪಕ್ಕದ ಸಣ್ಣ ಕೋಣೆಗೆ ಸಾಗಿಸುತ್ತಿದ್ದೆ. ವ್ಯಾಯಾಮಕ್ಕೆಂದು ತಂದು ಬಟ್ಟೆ ಒಣಗಿಸಲು ಬಳಸುತ್ತಿದ್ದ ಸೈಕಲ್ಲು ಹೋಯಿತು, ಅದರ ಮೇಲೆ ಟಿವಿಯ ಖಾಲಿ ಡಬ್ಬ, ಡಬ್ಬದೊಳಗೆ ಮಡಚದ ಬಟ್ಟೆ, ಉಳಿದ ಸಂದಿಗೆಲ್ಲ ಹಳೇ ಪೇಪರು. ಕೊನೆಗೆ ಬಾಗಿಲನ್ನು ಎರಡೂ ಕೈಯಿಂದ ಎಳೆದು ಹಾಕಿದೆ. ಹಾಲ್ ಮದುಮಗನ ಹಾಗೆ ಹೊಳೆಯುತ್ತಿತ್ತು.

ಬೆಳಿಗ್ಗೆ ದೊಡ್ಡಪ್ಪ ಬಂದರು. ಹಾಲನ್ನೊಮ್ಮೆ ನೋಡಿ, “ಮನಿ ಛಲೋ ಇಟ್ಟೀರಿ,” ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದರು. ಮಡಿಪಂಚೆ ಉಟ್ಟು ಬೆಡ್‌ರೂಮಿನಲ್ಲಿ ಇವಳು ಹಾಕಿಟ್ಟ ಮಣೆಯ ಮೇಲೆ ಕೂತರೋ ಇಲ್ಲವೋ, ಪಕ್ಕದ ಸೈಟಿನ ಹೊಸ ಮನೆಯಲ್ಲಿ ಟೈಲ್ಸ್ ಕತ್ತರಿಸುವ ಮಷಿನ್ ಕಿರುಚತೊಡಗಿತು. ಒಂದು ಕೈಯಲ್ಲಿ ಮಣೆ, ಇನ್ನೊಂದರಲ್ಲಿ ಪತ್ರೆಯ ತಟ್ಟೆ ಹಿಡಿದು ಅವರು ಹೊರಗೆ ಬಂದು ಅಡುಗೆಮನೆ ಪಕ್ಕದ ಬಾಗಿಲಿನತ್ತ ನೋಡಿದರು.

“ಆ ಖೋಲಿ ಶಾಂತ ಐತಲ್ಲ, ಅಲ್ಲೇ ಕೂಡ್ತೀನಿ.”

“ಮಾವ, ಅದು ಬೇಡ, ಅಲ್ಲಿ ಸ್ವಲ್ಪ…”

“ಒಂದ್ ಮಣೀ ಹಿಡಿಸಿದ್ರ ಸಾಕ್ರೀ ಅಳಿಯಂದ್ರ.”

ಮೊಣಕೈಯಿಂದ ಬಾಗಿಲು ನೂಕಿದರು. ಒಳಗಿನಿಂದ ಹೆಲ್ಮೆಟ್ ಉರುಳಿ ಅವರ ಕಾಲ ಬಳಿ ಬಂದು ನಿಂತಿತು ಎಂದು ನನ್ನ ನೆನಪು. ಹೆಲ್ಮೆಟ್ ಫ್ರಿಜ್ ಮೇಲಿತ್ತು, ಉರುಳಿದ್ದು ಬಕೆಟ್ಟು ಎಂದು ಹೆಂಡತಿಯ ವಾದ. ಏನೋ ಒಂದು ಉರುಳಿತು. ದೊಡ್ಡಪ್ಪ ಒಳಗೆ ನೋಡಿದರು, ನನ್ನನ್ನು ನೋಡಿದರು, ಓರೆಯಾಗಿ ನುಸುಳಿ ಬಾಗಿಲು ಹಾಕಿಕೊಂಡರು.

ಹೆಂಡತಿ ನನ್ನ ಜೊತೆ ಬೆಂಗಳೂರಿನ ಕನ್ನಡ ಮಾತಾಡುತ್ತಾಳೆ, ಸಿಟ್ಟು ಬಂದಾಗ ಮಾತ್ರ ಹಾವೇರಿ. “ಎಲ್ಲಾ ತಗೊಂಡು ಅದರಾಗ ತುರುಕೀಯೇನೋ? ಇಷ್ಟು ವರ್ಷಕ್ಕ ಮನಿಗೆ ಬಂದಾರ, ಕಸದ ಕುಪ್ಪ್ಯಾಗ ಪೂಜಾಕ್ಕ ಕೂಡ್ಸಿದೆಲ್ಲೋ!”

ಕಾದೆವು. ಒಳಗೆ ಮಂತ್ರದ ಬದಲು ಏನನ್ನೋ ಎಳೆಯುವ ಸದ್ದು ಬಂತು. ಆಮೇಲೆ ಏನೋ ದಬ್ಬೆಂದಿತು.

“ಹೋಗಿ ನೋಡೋ.”

“ಪೂಜೆಗೆ ಕೂತವರನ್ನ ಹೇಗೆ ನೋಡ್ಲಿ?”

“ಪೂಜಾ ಹಂಗ ಸಪ್ಪಳಾ ಮಾಡತೈತೇನು?”

ರೊಟ್ಟಿ ಆರತೊಡಗಿದವು. ಹಾಲ್‌ನಲ್ಲಿಟ್ಟಿದ್ದ ದೊಡ್ಡಪ್ಪನ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು, ಕೆಂಗೇರಿಯವರೇ ಇರಬೇಕು. ಹೊರಬಂದವರು ನೇರ ಆಟೋ ಹತ್ತುತ್ತಾರೆ, ಅಷ್ಟೇ ಎಂದುಕೊಂಡೆ. ಹೆಂಡತಿ ಎಣ್ಣೆಗಾಯಿಯ ಪಾತ್ರೆಯನ್ನು ಮುಚ್ಚಿ, ತೆಗೆದು, ಮತ್ತೆ ಮುಚ್ಚುತ್ತಿದ್ದಳು.

ಬಾಗಿಲು ಒಂದು ಗೇಣು ತೆರೆಯಿತು.

“ಅಳಿಯಂದ್ರ, ಸುತಳಿ ಐತೇನ್ರಿ?”

ಹುಡುಕಿ ಸುತಳಿ ಒಯ್ದೆ. ಕೋಣೆಯ ಅರ್ಧ ಭಾಗಕ್ಕೆ ನೆಲ ಬಂದಿತ್ತು. ಬಟ್ಟೆಗಳು ಮಡಚಿ ಕೂತಿದ್ದವು. ಸೈಕಲ್ಲು ಮೂಲೆ ಸೇರಿ ಮೊದಲ ಬಾರಿಗೆ ಸೈಕಲ್ಲಿನಂತೆ ಕಾಣುತ್ತಿತ್ತು. ಪಂಚೆ ಮೇಲೆ ಕಟ್ಟಿ, ಹಣೆಯ ಮೇಲೆ ಧೂಳು ಬಳಿದುಕೊಂಡು ದೊಡ್ಡಪ್ಪ ಪೇಪರುಗಳನ್ನು ಜೋಡಿಸುತ್ತಿದ್ದರು.

“ಕೂಡ್ಲಿಕ್ಕ ಜಾಗಾ ಮಾಡ್ಕೊಳ್ಳೋಣು ಅಂತ ಕೈ ಹಚ್ಚಿದೆ. ಬಿಡಾಕ ಮನಸ್ಸು ಆಗವಲ್ದು ನೋಡ್ರಿ. ಹಗುರ ಅನಿಸ್ತೈತಿ.”

“ನನಗೂ ಹಾಗೇ ಮಾವ.”

“ನಿಮಗೂ ಹಂಗಂದ್ರ ಇದನ್ನ್ಯಾಕ ಹಿಂಗ ಬಿಟ್ರಿ?”

ಅವರು ಕಟ್ಟು ಒತ್ತಿ ಹಿಡಿದರು, ನಾನು ಗಂಟು ಹಾಕಿದೆ. ಮತ್ತೆ ಫೋನ್ ಬಡಿದುಕೊಂಡಾಗ ಹೆಂಡತಿ ತಂದುಕೊಟ್ಟಳು.

“ಮುಹೂರ್ತಕ್ಕ, ಅಕ್ಕಿಕಾಳು ಹಾಕೂ ಹೊತ್ತಿಗೆ ಬರಾಕ ಆಗೂದಿಲ್ಲಪಾ,” ಎಂದರು ಫೋನಿಗೆ. “ಮಗಳ ಮನ್ಯಾಗ ಅದೀನಿ. ಇನ್ನೂ ಪೂಜಾ ಆಗಿಲ್ಲ, ಊಟ ಆಗಿಲ್ಲ.”

ಹೆಂಡತಿ ಅಡುಗೆಮನೆಗೆ ಓಡಿ ಹಂಚು ಕಾಯಲಿಟ್ಟು ಹೊಸದಾಗಿ ರೊಟ್ಟಿ ಬಡಿಯತೊಡಗಿದಳು. ದೊಡ್ಡಪ್ಪ ಮತ್ತೊಮ್ಮೆ ಸ್ನಾನ ಮಾಡಿ, ಅದೇ ಕೋಣೆಯಲ್ಲಿ ಪೂಜೆ ಮುಗಿಸಿ, ಹಾಲ್‌ನಲ್ಲಿ ಊಟಕ್ಕೆ ಕೂತರು. ಎಷ್ಟು ರೊಟ್ಟಿ ತಿಂದರೆಂಬುದರಲ್ಲಿ ನಮ್ಮಿಬ್ಬರ ಲೆಕ್ಕ ಇವತ್ತಿಗೂ ಕೂಡಿಬರುವುದಿಲ್ಲ. ಕೈ ತೊಳೆಯುವಾಗ, “ಉಳಿದ ಅರ್ಧಾ ಖೋಲಿ ಮುಟ್ಟಬ್ಯಾಡ್ರಿ, ಮುಂದಿನ ಸಲ ಬಂದಾಗ ನಾ ಮಾಡ್ತೀನಿ,” ಎಂದರಂತೆ. ನನಗೆ ಕೇಳಿಸಿದ ನೆನಪಿಲ್ಲ. ಆದರೆ ಹೆಂಡತಿ ಹಾಗೆಂದಳು, ನಾನು ವಾದಕ್ಕೆ ಹೋಗಲಿಲ್ಲ.